ಲೂರ್ ಬಿದ್ದ ಸದ್ದಿಗೆ ಮೀನು ಓಡಿಹೋಗುತ್ತೆ ಅನ್ನೋದು ಅರ್ಧ ಸತ್ಯ ಮಾತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಗಾಳ ಹಾಕೋ ಹವ್ಯಾಸದ ಬಗ್ಗೆ ಬಂದಿದ್ದ ಬರಹ ಓದಿದೆ. ಕನ್ನಡ ಪತ್ರಿಕೆಲಿ ಇಂಥ ವಿಷಯಕ್ಕೆ ಅರ್ಧ ಪುಟ ಸಿಕ್ಕಿದ್ದೇ ನನಗೆ ಖುಷಿ, ರಾಡು (ಗಾಳದ ಕೋಲು), ರೀಲಿನ (ದಾರ ಸುತ್ತೋ ಗಾಲಿ) ಬಗ್ಗೆ ಬರೆದಿದ್ದೆಲ್ಲ ಸರಿಯಾಗೇ ಇತ್ತು. ಆದ್ರೆ ಒಂದು ಮಾತು ಮಾತ್ರ ಗಂಟಲಲ್ಲಿ ಮುಳ್ಳಿನ ಥರ ಸಿಕ್ಕಾಕೊಂಡಿದೆ. ಲೂರ್, ಅಂದ್ರೆ ಮೀನಿಗೆ ಆಸೆ ತೋರಿಸೋ ಕೃತಕ ಎರೆ, ಸದ್ದು ಮಾಡ್ಕೊಂಡು ನೀರಿಗೆ ಬಿತ್ತು ಅಂದ್ರೆ ಆ ಜಾಗದಲ್ಲಿ ಮೀನಿನ ಆಸೆ ಬಿಟ್ಟುಬಿಡಿ, ಹತ್ತಿ ಇಳಿದ ಹಾಗೆ ಎಸೆಯೋಕೆ ಬರೋವರೆಗೂ ಬಯಲಲ್ಲೇ ಪ್ರಾಕ್ಟೀಸ್ ಮಾಡಿ, ನೀರಿನ ಹತ್ರ ಹೋಗ್ಬೇಡಿ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. ಇದನ್ನ ಹೊಸಬರು ಓದ್ತಾರೆ, ಮಕ್ಕಳು ಓದ್ತಾರೆ, ವೇದವಾಕ್ಯ ಅಂತ ಹಿಡ್ಕೋತಾರೆ, ಅದಕ್ಕೇ ಬರೀತಾ ಇದೀನಿ.

ಎರಡು ತಿಂಗಳ ಹಿಂದೆ ನಮ್ಮಕ್ಕನ ಮಗಳನ್ನ ಮೊದಲನೇ ಸಲ ನೀರಿನ ಹತ್ರ ಕರ್ಕೊಂಡು ಹೋಗಿದ್ದೆ, 11 ವರ್ಷದ ಹುಡುಗಿ, ಮನೇಲೇ ಒಂದು ವಾರ ರಾಡ್ ಹಿಡಿದು ಕೈ ತಿರುಗಿಸೋದು ಕಲ್ತಿದ್ಲು. ಮೊದಲ ಎರಡು ಎಸೆತ ಹೇಗೋ ಹೋಯ್ತು, ಮೂರನೇದು ಬೆರಳು ಬೇಗ ಬಿಟ್ಟುಬಿಟ್ಲು, ಲೂರ್ ಸೀದಾ ಆಕಾಶಕ್ಕೆ ಹೋಗಿ ದುಡುಂ ಅಂತ ದಡದ ಹತ್ರಾನೇ ಬಿತ್ತು. ಪಕ್ಕದಲ್ಲಿ ಗಾಳ ಹಾಕ್ತಾ ಇದ್ದ ಹಿರಿಯರೊಬ್ಬರು, "ಏನಮ್ಮಾ, ಇದ್ದಬದ್ದ ಮೀನೆಲ್ಲಾ ಓಡಿಸಿಬಿಟ್ಟೆಯಲ್ಲ, ಇನ್ನು ಸಾಯಂಕಾಲದ ತನಕ ಒಂದೂ ಈ ಕಡೆ ತಲೆ ಹಾಕಲ್ಲ" ಅಂತ ಗದರಿದ್ರು. ಅವಳ ಮುಖ ಸಣ್ಣದಾಯ್ತು. ಮಾತಾಡದೇ ಲೈನ್ ಸುತ್ತಿ ರಾಡ್ ತಂದು ನನ್ನ ಕೈಗೆ ಕೊಟ್ಟು, "ಮಾಮ, ನೀನೇ ಎಸಿ, ನಾನು ನೋಡ್ತೀನಿ" ಅಂದ್ಲು. ಆವತ್ತು ಪೂರ್ತಿ ಮತ್ತೆ ರಾಡ್ ಮುಟ್ಟಲಿಲ್ಲ. ಆ ಹಿರಿಯರು ಕೆಟ್ಟವರಲ್ಲ, ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿರ್ತಾರೆ, ಅವರು ಅದನ್ನ ಇನ್ನೊಬ್ಬರಿಗೆ ದಾಟಿಸ್ತಾರೆ ಅಷ್ಟೇ. ನಿಮ್ಮ ಪತ್ರಿಕೆಯೂ ಅದನ್ನೇ ಹೇಳಿದಾಗ ಸುಮ್ಮನೆ ಕೂರೋಕಾಗಲಿಲ್ಲ.

ಮೊದಲು ಮೀನಿಗೆ ಆ ಸದ್ದು ಹೇಗೆ ತಲುಪುತ್ತೆ ಅನ್ನೋದನ್ನ ನೋಡೋಣ, ಯಾಕಂದ್ರೆ ನಾವು ದಡದಲ್ಲಿ ನಿಂತು ಕೇಳೋ ಸದ್ದೇ ಬೇರೆ, ನೀರೊಳಗೆ ಮೀನಿಗೆ ಗೊತ್ತಾಗೋದೇ ಬೇರೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದ್ರೆ ನೀರಲ್ಲಿ ಸುಮಾರು 1,480 ಮೀಟರ್ ಹೋಗುತ್ತೆ, ನಾಲ್ಕು ಪಟ್ಟಿಗೂ ಜಾಸ್ತಿ. ಮೀನಿಗೆ ಹೊರಗೆ ಕಾಣೋ ಕಿವಿ ಇಲ್ಲ, ಒಳಗಿದೆ, ಅದರಲ್ಲಿ ಪುಟ್ಟ ಪುಟ್ಟ ಕಿವಿಕಲ್ಲುಗಳಿವೆ. ಮೀನಿನ ಮೈ ಹೆಚ್ಚುಕಮ್ಮಿ ನೀರಿನಷ್ಟೇ ಸಾಂದ್ರ ಇರೋದರಿಂದ ಸದ್ದಿನ ಅಲೆ ಬಂದಾಗ ಮೈ ನೀರಿನ ಜೊತೆಗೇ ಅಲ್ಲಾಡುತ್ತೆ, ಆದ್ರೆ ಈ ಕಲ್ಲು ಭಾರ, ಅದು ಸ್ವಲ್ಪ ಹಿಂದೆ ಬೀಳುತ್ತೆ, ಆ ವ್ಯತ್ಯಾಸವನ್ನ ಕೂದಲಿನಂಥ ಜೀವಕೋಶಗಳು ಹಿಡಿದು ಮೆದುಳಿಗೆ ಮುಟ್ಟಿಸ್ತವೆ. ಇದರ ಜೊತೆಗೆ ಮೈಯ ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಪಾರ್ಶ್ವರೇಖೆ ಅಂತ ಒಂದು ಸಾಲಿರುತ್ತೆ, ಮೀನು ಕೊಂಡು ತಂದು ಹೆರೆದವರೆಲ್ಲ ನೋಡಿರ್ತಾರೆ, ಸಣ್ಣ ಹೊಲಿಗೆ ಹಾಕಿದ ಥರ ಕಾಣುತ್ತೆ. ಅದು ಹತ್ತಿರದಲ್ಲಿ ನೀರು ಅಲ್ಲಾಡಿದ್ದನ್ನ ಹಿಡಿಯೋದು, ಅದರ ಕೈ ಹೆಚ್ಚು ದೂರ ಚಾಚಲ್ಲ, ಮೀನಿನ ಉದ್ದದ ಒಂದೆರಡು ಪಟ್ಟಿನಷ್ಟು ದೂರದಲ್ಲೇ ಅದರ ಮುಖ್ಯ ಕೆಲಸ. ಅಂದ್ರೆ ಲೂರ್ ತಲೆ ಪಕ್ಕದಲ್ಲೇ ಬಿದ್ರೆ ಮೀನಿಗೆ ಅದು ಬರೀ ಸದ್ದಲ್ಲ, ಮೈ ಮೇಲೆ ಹೊಡೆತ ಬಿದ್ದ ಹಾಗೆ. ಅದೇ ನಾಲ್ಕು ಮೀಟರ್ ಆಚೆ ಬಿದ್ರೆ ಏನೋ ಬಿತ್ತು ಅನ್ನೋ ಸುದ್ದಿ ಅಷ್ಟೇ. ಒಂದೇ ಲೂರು, ಒಂದೇ ಎತ್ತರದಿಂದ ಬಿದ್ದಿದ್ದು, ಆದ್ರೂ ಎರಡು ಬೇರೆ ಬೇರೆ ಘಟನೆ.

ಎಲ್ಲಾ ಮೀನಿಗೂ ಒಂದೇ ಕಿವಿ ಅಲ್ಲ ಅನ್ನೋದು ಇನ್ನೊಂದು ವಿಷಯ. ಗೆಂಡೆ, ರೋಹು, ಕಾಟ್ಲಾ, ಮಹಶೀರ್, ಕ್ಯಾಟ್‌ಫಿಶ್ ಈ ಗುಂಪಿನ ಮೀನುಗಳಿಗೆ ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಕಿವಿಯವರೆಗೆ ಸಣ್ಣ ಮೂಳೆಗಳ ಸರಪಳಿ ಇರುತ್ತೆ, ವೆಬರ್ ಅನ್ನೋ ಜರ್ಮನ್ ವಿಜ್ಞಾನಿ 1820ರಲ್ಲೇ ಇದನ್ನ ವಿವರಿಸಿದ್ದ. ಗಾಳಿಚೀಲ ತಮಟೆ ಚರ್ಮದ ಥರ ಅದುರುತ್ತೆ, ಮೂಳೆಗಳು ಅದನ್ನ ಕಿವಿಗೆ ತಲುಪಿಸ್ತವೆ. ಇದೇ ಗುಂಪಿನ ಗೋಲ್ಡ್‌ಫಿಶ್‌ಗೆ ಕೆಲವು ಸಾವಿರ ಹರ್ಟ್ಸ್‌ವರೆಗೂ (ಸೆಕೆಂಡಿಗೆ ಅಷ್ಟು ಸಲ ಅದುರೋ ತೆಳ್ಳನೆ ಸದ್ದಿನವರೆಗೂ) ಕೇಳುತ್ತೆ. ಆದ್ರೆ ಸಾಲ್ಮನ್‌ಗೆ ಸುಮಾರು 400 ಹರ್ಟ್ಸ್ ದಾಟಿದ್ರೆ ಹೆಚ್ಚುಕಮ್ಮಿ ಕಿವುಡು, ಟ್ರೌಟ್, ಬಾಸ್, ಪೈಕ್‌ಗಳಿಗೂ ಈ ಮೂಳೆ ಸರಪಳಿ ಇಲ್ಲ, ಅವುಗಳ ಲೋಕ ದಪ್ಪ ಸದ್ದಿನ ಲೋಕ. ಕಾರ್ಲ್ ಫಾನ್ ಫ್ರಿಶ್ ಅನ್ನೋರು, ಜೇನುಹುಳದ ಕುಣಿತ ಬಿಡಿಸಿ ನೊಬೆಲ್ ತಗೊಂಡವರು, 1923ರಲ್ಲಿ ಶಿಳ್ಳೆ ಹೊಡೆದ್ರೆ ಅಡಗುತಾಣದಿಂದ ಊಟಕ್ಕೆ ಬರೋ ಕ್ಯಾಟ್‌ಫಿಶ್ ಬಗ್ಗೆ ಬರೆದಿದ್ರು. ಮೀನಿಗೆ ಕಿವಿ ಕೇಳಲ್ಲ ಅಂತ ಎಷ್ಟೋ ಜನ ನಂಬಿದ್ದ ಕಾಲ ಅದು. ಅಲ್ಲಿಗೆ ಸದ್ದು ಅಂದ್ರೆ ಮೀನಿಗೆ ಭಯ ಅನ್ನೋ ಮಾತು ನೂರು ವರ್ಷದ ಹಿಂದೆಯೇ ಬಿದ್ದುಹೋಗಿದೆ, ಸದ್ದು ಊಟದ ಗಂಟೆಯೂ ಆಗಬಹುದು.

ಆವತ್ತು ವಾಪಸ್ ಬರುವಾಗ ಅಕ್ಕನ ಮಗಳು ಒಂದು ಪ್ರಶ್ನೆ ಕೇಳಿದ್ಲು. "ಮಾಮ, ಕಪ್ಪೆ ಹಾರಿದ್ರೂ ಸದ್ದಾಗುತ್ತೆ, ಕಲ್ಲು ಬಿದ್ರೂ ಸದ್ದಾಗುತ್ತೆ, ಮೀನಿಗೆ ಯಾವುದು ಏನು ಅಂತ ಹೇಗೆ ಗೊತ್ತಾಗುತ್ತೆ?" ನನ್ನ ಪ್ರಕಾರ ಇಡೀ ಚರ್ಚೆಯ ಗುಟ್ಟು ಈ ಪ್ರಶ್ನೆಯಲ್ಲೇ ಇದೆ.

ವಸ್ತು ನೀರಿಗೆ ಬೀಳುವಾಗ ಸದ್ದು ಒಂದಲ್ಲ, ಎರಡು. ಮೊದಲು ಚಟ್ ಅಂತ ಮೇಲ್ಮೈಗೆ ಬಡಿದ ಸದ್ದು, ಅದು ಕಣ್ಣು ಮಿಟುಕಿಸೋದರಲ್ಲಿ ಮುಗಿಯುತ್ತೆ. ಆಮೇಲೆ ಅದರ ಹಿಂದೆ ನೀರು ಹೊಂಡ ಬಿದ್ದು, ಹೊಂಡದ ಬಾಯಿ ಮುಚ್ಕೊಂಡು ಒಳಗೆ ಗಾಳಿ ಸಿಕ್ಕಾಕೊಳ್ಳುತ್ತೆ, ಆ ಗುಳ್ಳೆ ಅದುರಿದಾಗ ಬರೋದೇ ನಾವು ಬುಳುಂ, ಗುಳುಕ್, ಪಿಳಕ್ ಅಂತೆಲ್ಲ ಕರೆಯೋ ಸದ್ದು. ಗುಳ್ಳೆ ದೊಡ್ಡದಾದಷ್ಟೂ ಸದ್ದು ದಪ್ಪ. ಮಿನಾರ್ಟ್ ಅನ್ನೋ ವಿಜ್ಞಾನಿ 1933ರಲ್ಲಿ ಇದರ ಲೆಕ್ಕ ಕೊಟ್ಟಿದ್ದಾರೆ, ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 3,300 ಹರ್ಟ್ಸ್‌ನಲ್ಲಿ ಹಾಡುತ್ತೆ, ಒಂದು ಸೆಂಟಿಮೀಟರ್ ತ್ರಿಜ್ಯದ್ದು ಸುಮಾರು 330ರಲ್ಲಿ. ಈಗ ಇದನ್ನ ಮೇಲೆ ಹೇಳಿದ ಕಿವಿಗಳ ಜೊತೆ ಇಟ್ಟು ನೋಡಿ. ಸಣ್ಣ ಲೂರ್ ಬಿದ್ದಾಗ ಏಳೋ ಸಣ್ಣ ಗುಳ್ಳೆಯ ಪಿಳಕ್ ಅನ್ನೋ ಸದ್ದು ಟ್ರೌಟ್‌ಗೆ ಬಹುಶಃ ಕೇಳೋದೇ ಇಲ್ಲ, ಗೆಂಡೆಗೆ ಚೆನ್ನಾಗಿ ಕೇಳುತ್ತೆ. ಮುಂದೆ ಬಟ್ಟಲಿನ ಥರ ಗುಳಿ ಇರೋ ಪಾಪರ್ ಅನ್ನೋ ದಪ್ಪ ಲೂರ್ ಎಬ್ಬಿಸೋ ದೊಡ್ಡ ಗುಳ್ಳೆಯ ಬ್ಲುಪ್ ಅನ್ನೋದು ಬಾಸ್‌ನಂಥ ಮೀನಿಗೂ ಕೇಳಿಸೋ ಸ್ವರಕ್ಕೆ ಇಳಿಯುತ್ತೆ. ಹಾಗಾಗಿ ಸದ್ದು ಜೋರಾಗಿತ್ತಾ ಮೆಲ್ಲಗಿತ್ತಾ ಅಂತ ಕೇಳೋದಕ್ಕಿಂತ ದಪ್ಪಗಿತ್ತಾ ತೆಳ್ಳಗಿತ್ತಾ ಅಂತ ಕೇಳೋದು ಹೆಚ್ಚು ಉಪಯೋಗ. ಸ್ಪೂನ್ ಅನ್ನೋ ಚಪ್ಪಟೆ ಲೋಹದ ಲೂರ್ ಅಗಲವಾಗಿ ಬಿದ್ರೆ ಚಟ್ ಅನ್ನೋ ಬಡಿತವೇ ಜಾಸ್ತಿ, ಗುಳ್ಳೆ ಕಮ್ಮಿ. ನನ್ನ ಅನುಭವದಲ್ಲಿ ಮೀನು ಬೆಚ್ಚಿಬೀಳೋದು ಜಾಸ್ತಿ ಈ ಬಡಿತಕ್ಕೇ, ಬುಳುಂ ಅನ್ನೋ ಸದ್ದಿಗೆ ಅಷ್ಟಾಗಿ ಅಲ್ಲ.

ಸದ್ದಿಗೇ ಹಾತೊರೆಯೋ ಮೀನುಗಳಿಗೇನು ಕಮ್ಮಿ ಇಲ್ಲ. ಅಮೆಜಾನ್ ನದಿ ಕಡೆ ತಂಬಾಕಿ ಅನ್ನೋ ಹಣ್ಣು ತಿನ್ನೋ ದೊಡ್ಡ ಮೀನಿದೆ, ಪ್ರವಾಹದಲ್ಲಿ ಕಾಡು ಮುಳುಗಿದಾಗ ಮರದಿಂದ ಹಣ್ಣು ನೀರಿಗೆ ಬೀಳೋ ಸದ್ದಿಗೆ ಅದು ಬರುತ್ತೆ, ಅಲ್ಲಿನವರು ಕೋಲಿಗೆ ದಾರ ಕಟ್ಟಿ ದಾರದ ತುದಿಗೆ ಗುಂಡು ಕಟ್ಟಿ ನೀರಿಗೆ ಬಡಿದು ಹಣ್ಣು ಬಿದ್ದ ಹಾಗೇ ಸದ್ದು ಮಾಡಿ ಕರೀತಾರೆ. ಯುರೋಪಿನ ದೊಡ್ಡ ನದಿಗಳಲ್ಲಿ ವೆಲ್ಸ್ ಅನ್ನೋ ಭಾರೀ ಕ್ಯಾಟ್‌ಫಿಶ್ ಹಿಡಿಯೋರು ಬಾಗಿದ ಮರದ ತುಂಡಿನಿಂದ ನೀರನ್ನ ಗುಳುಂ ಗುಳುಂ ಅಂತ ಹೊಡೀತಾರೆ, ಬೇಕಂತಲೇ ನೀರೊಳಗೆ ಗಾಳಿ ಸಿಗಿಸ್ತಾರೆ, ಆ ಸದ್ದಿಗೆ ತಳದಲ್ಲಿ ಮಲಗಿದ್ದ ಮೀನು ಮೇಲೆದ್ದು ಬರುತ್ತೆ. ಸಮುದ್ರದಲ್ಲಿ ಶಾರ್ಕ್‌ಗಳು ಬಿಟ್ಟು ಬಿಟ್ಟು ಬರೋ ದಪ್ಪ ಸದ್ದಿನ ಕಡೆಗೆ ಬರ್ತವೆ ಅಂತ 1963ರಲ್ಲೇ ನೆಲ್ಸನ್, ಗ್ರೂಬರ್ ಅನ್ನೋ ಇಬ್ಬರು ತೋರಿಸಿದ್ದಾರೆ, ಗಾಯಗೊಂಡ ಮೀನು ಒದ್ದಾಡೋದು ಇಂಥದ್ದೇ ಸದ್ದು. ನಮ್ಮ ಮಹಶೀರ್ ಜಾತಿಯವೂ ನೀರಿನ ಮೇಲೆ ಬಾಗಿದ ಅತ್ತಿಮರದ ಕೆಳಗೆ ಹಣ್ಣಿಗೆ ಕಾದಿರ್ತವೆ.

ಬಿಲ್ಲುಗಾರ ಮೀನಿನ ವಿಷಯ ಹೇಳದೇ ಇರೋಕಾಗಲ್ಲ. ಎಲೆ ಮೇಲೆ ಕೂತ ಹುಳಕ್ಕೆ ಬಾಯಿಂದ ನೀರು ಚಿಮ್ಮಿಸಿ ಬೀಳಿಸುತ್ತಲ್ಲ, ಅದು. ಹುಳ ಬೀಳೋಕೆ ಶುರುವಾದ ಹತ್ತನೇ ಒಂದು ಸೆಕೆಂಡಿನೊಳಗೆ ಅದು ಎಲ್ಲಿ ನೀರಿಗೆ ಬೀಳುತ್ತೆ ಅಂತ ಅಂದಾಜು ಮಾಡಿ ಸರಿಯಾಗಿ ಆ ಜಾಗಕ್ಕೆ ತಿರುಗಿ ನುಗ್ಗುತ್ತೆ, ಇದನ್ನ ಜರ್ಮನಿಯ ಸಂಶೋಧಕರು 2002ರಲ್ಲಿ ಪ್ರಕಟಿಸಿದ್ರು. ನನ್ನನ್ನ ಬೆರಗುಗೊಳಿಸಿದ್ದು ಅದರ ಮುಂದಿನ ಮಾತು. ಮೀನು ಹೆದರಿ ಓಡುವಾಗ ಮೈಯನ್ನ ಬಿಲ್ಲಿನ ಹಾಗೆ ಬಾಗಿಸಿ ಚಿಮ್ಮುತ್ತೆ, ಮೆದುಳಿನ ಹಿಂಭಾಗದಲ್ಲಿ ಇರೋ ಮೌಥ್ನರ್ ಅನ್ನೋ ಒಂದು ಜೊತೆ ದೈತ್ಯ ನರಕೋಶಗಳು ಈ ಕೆಲಸಕ್ಕೇ ಹೆಸರಾಗಿವೆ, ಸದ್ದು ಬಂದ ಸೆಕೆಂಡಿನ ನೂರನೇ ಒಂದು ಪಾಲಿನ ಆಸುಪಾಸಲ್ಲೇ ಮೈ ಬಾಗೋಕೆ ಶುರುವಾಗುತ್ತೆ, ಯೋಚನೆ ಮಾಡೋಕೆ ಅಲ್ಲಿ ಟೈಮೇ ಇಲ್ಲ. ಬಿಲ್ಲುಗಾರ ಮೀನು ಊಟದ ಕಡೆ ನುಗ್ಗುವಾಗಲೂ ಮೈ ಬಾಗೋದು ಹೆಚ್ಚುಕಮ್ಮಿ ಹೀಗೇ ಅಂತೆ! ಓಡೋದಕ್ಕೂ ಬೇಟೆಗೂ ಒಂದೇ ಬಾಗು. ದಡದಲ್ಲಿ ನಿಂತೋರಿಗೆ ಕಾಣೋದು ಬರೀ ಒಂದು ಝಳಕ್, ಮೀನು ಸರಕ್ಕಂತ ತಿರುಗಿದ್ದು. ಅದನ್ನ ನೋಡಿ "ಓಡಿಹೋಯ್ತು" ಅಂತ ನಾವೇ ತೀರ್ಪು ಕೊಟ್ಟುಬಿಡ್ತೀವಿ.

ಇದನ್ನ ಕಣ್ಣಾರೆ ನೋಡಬೇಕು ಅಂತ ನಾನೂ ನನ್ನ ಗೆಳೆಯನೂ ಒಂದಿಡೀ ಬೆಳಿಗ್ಗೆ ಮೀನು ಹಿಡಿಯೋದನ್ನೇ ಬಿಟ್ಟು ಒಂದು ಕೆಲಸ ಮಾಡಿದ್ವಿ. ಮಡುವಿನ ಮೇಲೆ ಚಾಚಿದ ಬಂಡೆ ಮೇಲೆ ನಾನು ಬೋರಲು ಮಲಗಿದ್ದೆ, ನೀರು ತಿಳಿ, ತಳದ ಎಲೆ ಸಹ ಲೆಕ್ಕ ಮಾಡಬಹುದಿತ್ತು, ಕೆಳಗೆ ಮುಳುಗಿದ ಕೊಂಬೆಯ ನೆರಳಲ್ಲಿ ಒಂದು ಕೊರವ ಮೀನು, ಮರದ ತುಂಡಿನ ಥರ ಬಿದ್ಕೊಂಡಿತ್ತು. ಗೆಳೆಯ ಆಚೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಎಸೀತಾ ಇದ್ದ, ಮುಳ್ಳು ತೆಗೆದ ರಬ್ಬರ್ ಕಪ್ಪೆ, ಮೀನಿಗೆ ಗಾಯ ಆಗಬಾರದು ಅಂತ. ನಾನು ಕೈ ತೋರಿಸಿದ ಕಡೆ ಅವನು ಹಾಕೋದು. ಮೊದಲನೇದು ಮೀನಿನ ನೆತ್ತಿ ಮೇಲೇ ಬಿತ್ತು, ಅರ್ಧ ಅಡಿ ಆಚೆ ಈಚೆ ಇರಬಹುದು. ಕೆಸರು ಎದ್ದಿದ್ದಷ್ಟೇ ಕಂಡಿದ್ದು ನನಗೆ, ಮೀನು ಯಾವಾಗ ಹೋಯ್ತು ಅಂತಲೇ ಕಾಣಲಿಲ್ಲ. ಇದು ನಿಮ್ಮ ಬರಹ ಹೇಳಿದ ಹಾಗೇ ಆಯ್ತು, ಒಪ್ತೀನಿ. ಆದ್ರೆ ಕಾಯ್ತಾ ಕೂತ್ವಿ. ಸುಮಾರು 10 ನಿಮಿಷದ ಮೇಲೆ ಅದೇ ಕೊಂಬೆ ಹತ್ರ ಕೊರವ ಮೆಲ್ಲಗೆ ಬಂದು ನಿಂತ್ಕೊಂತು, ಅದೇ ಮೀನೇ, ಬಾಲದ ರೆಕ್ಕೆಯ ಒಂದು ಮೂಲೆ ಹರಿದಿತ್ತು, ಗುರುತು ಸಿಕ್ತು. ಸಾಯಂಕಾಲದ ತನಕ ಏನೂ ಬೇಕಾಗಲಿಲ್ಲ.

ಎರಡನೇ ಸಲ ಎರಡು ಮೀಟರ್ ಪಕ್ಕಕ್ಕೆ ಹಾಕಿಸಿದೆ, ಎತ್ತರದಿಂದಲೇ, ಸದ್ದು ಮೊದಲಿನಷ್ಟೇ. ಕೊರವ ಓಡಲಿಲ್ಲ. ಮೊದಲು ಎದೆಯ ರೆಕ್ಕೆಗಳೆರಡೂ ನಿಂತವು, ಅಲ್ಲಿಯವರೆಗೂ ಬೀಸಣಿಗೆ ಥರ ಅಲ್ಲಾಡ್ತಾ ಇದ್ದಿದ್ದು ಗಕ್ಕನೆ ನಿಂತವು, ಆಮೇಲೆ ತಲೆ ಮಾತ್ರ ಅಷ್ಟಷ್ಟೇ ಆ ಕಡೆ ತಿರುಗಿತು. ಕಪ್ಪೆ ಸುಮ್ಮನೆ ತೇಲ್ತಾ ಇತ್ತು, ಅಲೆಯ ಉಂಗುರ ದೊಡ್ಡದಾಗಿ ದೊಡ್ಡದಾಗಿ ಮಾಯ ಆಯ್ತು. ಆಗ ಗೆಳೆಯ ಒಂದು ಸಲ, ಒಂದೇ ಸಲ, ತುದಿ ಅಲ್ಲಾಡಿಸಿದ. ಕೊರವ ಹಾವಿನ ಥರ ಜಾರ್ಕೊಂಡು ಬಂದು ಕಪ್ಪೆ ಕೆಳಗೆ ಒಂದು ಗೇಣು ದೂರದಲ್ಲಿ ನಿಂತು ನೋಡಿತು, ಇನ್ನೊಂದು ಸಲ ಅಲ್ಲಾಡಿದ್ದೇ ತಡ, ಬಾಯಿ ತೆಗೆದು ಗುಳುಂ ಅನಿಸಿಬಿಡ್ತು. ಆ ಗುಳುಂ ಲೂರ್ ಬಿದ್ದ ಸದ್ದಿಗಿಂತ ಜೋರಾಗಿತ್ತು. ಮೀನೇ ಅಷ್ಟು ಸದ್ದು ಮಾಡ್ಕೊಂಡು ಊಟ ಮಾಡುವಾಗ ಸದ್ದು ಅಂದ್ರೆ ಅಪಾಯ ಅಂತ ಅದು ಯಾಕೆ ಅಂದ್ಕೋಬೇಕು ಹೇಳಿ. ಇಡೀ ಬೆಳಿಗ್ಗೆ ಆ ಒಂದು ಮೀನಿನ ಜೊತೆ ಕಳೆದಿದ್ದು, ಎರಡೇ ಎಸೆತದ ಮಾತು, ಒಂದು ಮೀನಿನಿಂದ ಎಲ್ಲಾ ಮೀನಿಗೂ ಕಾನೂನು ಬರೆಯೋಕಾಗಲ್ಲ ಅನ್ನೋದೂ ನಿಜ. ಆದ್ರೂ ಆ ನಿಂತ ರೆಕ್ಕೆಗಳನ್ನ ನಾನು ಮರೆಯೋಕಾಗಲ್ಲ. ಹೆದರಿಕೆಯೂ ಅಲ್ಲ, ಆಸೆಯೂ ಅಲ್ಲ, ಕಿವಿ ನೆಟ್ಟಗೆ ಮಾಡಿದ್ದು ಅಷ್ಟೇ. ಮುಂದೆ ಏನು ಅನ್ನೋದು ನಮ್ಮ ಕೈಲಿತ್ತು.

ಮರಿ ಕಾಯ್ತಾ ಇರೋ ಕೊರವದ ವಿಷಯ ಮಾತ್ರ ಬೇರೆ. ಕೆಂಪಗಿನ ಮರಿಗಳ ಗುಂಪು ನೀರಿನ ಮೇಲೆ ಬುಳುಬುಳು ಅಂತ ಕಾಣ್ತಿದ್ರೆ ತಾಯಿ ತಂದೆ ಕೆಳಗಿರ್ತವೆ, ಅಲ್ಲಿ ಏನು ಬಿದ್ರೂ ಹೊಡೀತವೆ, ಹಸಿವಿಗಲ್ಲ, ಶತ್ರು ಬಂತು ಅಂತ. ಅಲ್ಲಿ ಲೂರ್ ಹಾಕಿ "ನೋಡಿ ಸದ್ದಿಗೆ ಹೇಗೆ ಬಂತು" ಅಂತ ಫೋಟೊ ಹಾಕೋರನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಹೆತ್ತವರನ್ನ ಎತ್ತಿಬಿಟ್ರೆ ಆ ಮರಿಗಳು ಬೇರೆ ಮೀನಿನ ಬಾಯಿ ಸೇರ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ನೀರು. ಸಮುದ್ರದ ಒಂದೇ ಥರದ ಹವಳದ ದಿಬ್ಬಗಳ ಆಸುಪಾಸಲ್ಲಿ ಎರಡು ಮೀನು ಹಿಡೀತಾರೆ, ಬೋನ್‌ಫಿಶ್ ಮತ್ತೆ ಜೈಂಟ್ ಟ್ರೆವಲಿ. ಬೋನ್‌ಫಿಶ್ ಮೊಣಕಾಲುದ್ದದ ಗಾಜಿನಂಥ ನೀರಲ್ಲಿ ಮೇಯುತ್ತೆ, ಮೇಲಿಂದ ಹಕ್ಕಿ ಕೆಳಗಿಂದ ಶಾರ್ಕ್, ಯಾವಾಗಲೂ ಜೀವ ಕೈಲಿ ಹಿಡ್ಕೊಂಡಿರುತ್ತೆ, ಅದಕ್ಕೆ ಫ್ಲೈ ಅನ್ನೋ, ಗರಿ ದಾರದಲ್ಲಿ ಕಟ್ಟಿದ ಹಗುರ ಎರೆಯನ್ನ ಕೆಲವು ಮೀಟರ್ ಮುಂದೆಯೇ ಇಳಿಸಿ ಕಾಯ್ತಾರೆ, ಸಣ್ಣ ಟಪ್ ಅಂದ್ರೂ ಗುಂಪಿಗೆ ಗುಂಪೇ ಮಾಯ. ಟ್ರೆವಲಿಗೆ ನೂರು ಗ್ರಾಮಿಗಿಂತ ಭಾರದ ಪಾಪರ್ ಎಸೆದು ನೀರನ್ನ ಧಬಧಬ ಅಂತ ಬಡೀತಾರೆ, ಅದು ಎದ್ದು ಬಂದು ಹೊಡೆಯುತ್ತೆ, ಅದು ಸಮುದ್ರದ ಹಕ್ಕಿಯನ್ನೇ ಹಿಡಿದು ನುಂಗೋ ಮೀನು, ಅದಕ್ಕೆಲ್ಲಿ ಭಯ. ಹಾಗಾಗಿ ಯಾರಾದ್ರೂ ಸದ್ದಿಗೆ ಮೀನು ಬರುತ್ತಾ ಓಡುತ್ತಾ ಅಂತ ಕೇಳಿದ್ರೆ ನಾನು ಮೊದಲು ವಾಪಸ್ ಕೇಳೋದು, ಆ ನೀರಲ್ಲಿ ಆ ಮೀನನ್ನ ತಿನ್ನೋರು ಯಾರಿದ್ದಾರೆ ಅಂತ. ತಿಳಿ ನೀರು, ಕಡಿಮೆ ಆಳ, ಗಾಳಿ ಇಲ್ಲ, ಬಿಸಿಲು ನೆತ್ತಿ ಮೇಲೆ, ಇಂಥ ಕಡೆ ಮೆಲ್ಲಗೇ ಇಳಿಸಬೇಕು, ಇದರಲ್ಲಿ ಎರಡು ಮಾತಿಲ್ಲ. ನೀರು ಕದಡಿದ್ರೆ, ಗಾಳಿಗೆ ಅಲೆ ಎದ್ದಿದ್ರೆ, ಕತ್ತಲಾಗಿದ್ರೆ, ಪಾಚಿ ಜೊಂಡು ದಟ್ಟವಾಗಿದ್ರೆ ಮೀನಿಗೆ ಕಣ್ಣಿಗಿಂತ ಕಿವಿಯೇ ಗತಿ, ಅಲ್ಲಿ ಸದ್ದಿಲ್ಲದೇ ಇಳಿಸಿದ ಲೂರ್ ಅದರ ಪಾಲಿಗೆ ಇಲ್ಲವೇ ಇಲ್ಲ.

ಎಸೆಯೋದರ ಬಗ್ಗೆ ಎರಡು ಮಾತು, ಯಾಕಂದ್ರೆ ಸದ್ದು ಬೇಡ ಅಂದಾಗ ಬೇಡ, ಬೇಕು ಅಂದಾಗ ಬೇಕು ಅನ್ನೋ ಹಿಡಿತ ಬರಬೇಕಲ್ಲ. ಲೂರ್ ಐದು ಮೀಟರ್ ಎತ್ತರ ಹೋಗಿ ಬಿದ್ರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದ್ರೆ, ಕೆಳಮುಖವಾಗಿ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ನೀರಿಗೆ ಬಡಿಯುತ್ತೆ, ಒಂದೂಕಾಲು ಮೀಟರ್ ಎತ್ತರದಲ್ಲೇ ಚಪ್ಪಟೆಯಾಗಿ ಹೋದ್ರೆ ಅದರ ಅರ್ಧ ಸುಮಾರು 5 ಮೀಟರ್, ಹೊಡೆತದ ಶಕ್ತಿ ನಾಲ್ಕನೇ ಒಂದು ಪಾಲು. ಇದರ ಮೇಲೆ ಮುಂದಕ್ಕೆ ಹೋಗ್ತಾ ಇರೋ ವೇಗ ಬೇರೆ ಇರುತ್ತಲ್ಲ, ಅದನ್ನ ತೆಗೆಯೋದು ಬೆರಳು. ಸ್ಪಿನ್ನಿಂಗ್ ರೀಲ್ ಆದ್ರೆ ಲೂರ್ ನೀರು ಮುಟ್ಟೋ ಮುಂಚೆ ತೋರುಬೆರಳನ್ನ ಸ್ಪೂಲಿನ (ಲೈನ್ ಸುತ್ತಿರೋ ಉರುಳೆಯ) ಅಂಚಿಗೆ ಮೆಲ್ಲಗೆ ತಾಗಿಸಬೇಕು, ಒತ್ತಬಾರದು, ಓಡ್ತಾ ಇರೋ ಲೈನ್ ಬೆರಳ ತುದಿಗೆ ತಟತಟ ಅಂತ ತಾಗೋದು ಗೊತ್ತಾಗುತ್ತೆ, ಆ ತಟತಟ ನಿಧಾನ ಆಗ್ತಾ ಆಗ್ತಾ ನಿಂತ ಹಾಗೇ ಲೂರ್ ಗಾಳಿಯಲ್ಲೇ ಒಂದು ಕ್ಷಣ ತಡೆದು ನೀರಿಗೆ ಜಾರುತ್ತೆ. ಬೇಟ್‌ಕಾಸ್ಟರ್ ಅನ್ನೋ ಇನ್ನೊಂದು ಥರದ ರೀಲ್ ಆದ್ರೆ ಅದೇ ಕೆಲಸ ಹೆಬ್ಬೆರಳಿಗೆ. ಕೊನೆಯಲ್ಲಿ ರಾಡಿನ ತುದಿ ಸ್ವಲ್ಪ ಮೇಲೆತ್ತಿದ್ರೆ ಇನ್ನೂ ಮೆತ್ತಗೆ, ಲೈನೂ ಸಡಿಲ ಇಲ್ಲದೇ ನೇರ ಬರುತ್ತೆ, ಬಿದ್ದ ಕೂಡಲೇ ಹೊಡೆಯೋ ಮೀನಿಗೆ ಕೈ ರೆಡಿ ಇರುತ್ತೆ. ಇದನ್ನ ಕಲಿಯೋಕೆ ಬಯಲು ಸಾಲಲ್ಲ, ನೀರೇ ಬೇಕು, ಮಣ್ಣು ನಿಮಗೆ ವಾಪಸ್ ಏನೂ ಹೇಳಲ್ಲ. ಅಳುಕೋ ಮೀನಿಗೆ ಅದರ ಮೇಲೆ ಹಾಕದೇ ಎರಡು ಮೂರು ಮೀಟರ್ ಆಚೆ ಹಾಕಿ ಅದರ ದಾರಿಗೆ ಎಳ್ಕೊಂಡು ಬರಬೇಕು, ಆದ್ರೆ ಲೈನ್ ಮೀನಿನ ಬೆನ್ನ ಮೇಲೆ ಹಾದುಹೋಗಬಾರದು, ಅದು ಸದ್ದಿಗಿಂತ ಕೆಟ್ಟದ್ದು.

ಬಿದ್ದ ಮೇಲೆ ತಕ್ಷಣ ಎಳೆಯೋದು ನಾನು ನೋಡಿದ ದೊಡ್ಡ ತಪ್ಪು, ನಾನೂ ಬಹಳ ವರ್ಷ ಮಾಡಿದ್ದೆ. ನೀರಿಗೆ ಬಿದ್ದ ಕಪ್ಪೆಯಾಗಲಿ ಮಿಡತೆಯಾಗಲಿ ಬಿದ್ದ ಕೂಡಲೇ ಒಂದೇ ವೇಗದಲ್ಲಿ ದಡಕ್ಕೆ ಹೋಗಲ್ಲ, ಒಂದು ಗಳಿಗೆ ದಂಗಾಗಿ ಇರುತ್ತೆ. ಉಂಗುರ ಪೂರ್ತಿ ಮಾಯ ಆಗೋವರೆಗೂ ಕೈ ಕಟ್ಟಿ ಕೂರಿ ಅಂತ ಹಳಬರು ಹೇಳೋದು ಸುಮ್ಮನೆ ಅಲ್ಲ, ಬೆಚ್ಚಿದ ಮೀನಿಗೆ ತಿರುಗಿ ನೋಡೋಕೆ ಅಷ್ಟು ಹೊತ್ತು ಬೇಕು.

ಗಾಳ ತಿಂದು ಬಿಟ್ಟುಕೊಂಡ ಮೀನು ಮಾತ್ರ ಬೇರೆ ಲೆಕ್ಕ ಹಾಕುತ್ತೆ. ನೆದರ್ಲೆಂಡ್ಸ್‌ನ ಬ್ಯೂಕೆಮಾ ಅನ್ನೋರು 1970ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಗೆಂಡೆ ಒಂದೇ ಸಲ ಗಾಳಕ್ಕೆ ಸಿಕ್ಕಿದ್ರೂ ಆಮೇಲೆ ಸಿಗೋದು ಬಹಳ ಕಮ್ಮಿ ಆಗ್ತಿತ್ತು, ಪೈಕ್ ಸ್ಪಿನ್ನರ್ ಲೂರನ್ನ ದೂರ ಇಡೋದು ಕಲಿತ್ರೂ ಜೀವಂತ ಮೀನಿನ ಎರೆಗೆ ಮತ್ತೆ ಬರ್ತಿತ್ತು. ಅಂದ್ರೆ ಮೀನು ಕಲಿಯುತ್ತೆ, ಅದೂ ಯಾವುದರಿಂದ ನೋವಾಯ್ತೋ ಅದನ್ನೇ ಗುರುತಿಟ್ಟು ಕಲಿಯುತ್ತೆ. ದಿನಾ ಹತ್ತು ಜನ ಅದೇ ಪಾಪರನ್ನ ಅದೇ ಮೂಲೆಗೆ ಹಾಕ್ತಾ ಇದ್ರೆ ಅಲ್ಲಿ ಆ ಬುಳುಂ ಅನ್ನೋದು ಊಟದ ಗಂಟೆ ಆಗಿ ಉಳಿಯಲ್ಲ ಅಂತ ನನ್ನ ನಂಬಿಕೆ, ಅಂಥ ಕಡೆ ನಾನು ಚಿಕ್ಕದು, ಮೆತ್ತಗಿನದು ಹಾಕ್ತೀನಿ.

ಕೊನೆಗೆ ಆ ಹಿರಿಯರ ವಿಷಯಕ್ಕೆ ವಾಪಸ್ ಬರ್ತೀನಿ. ಅವರು ಹುಡುಗಿಯನ್ನ ಗದರೋ ಮುಂಚೆ ಎರಡು ಸಲ ದಪ್ಪ ಬೂಟಿನಲ್ಲಿ ಧಪಧಪ ಅಂತ ದಡ ಇಳಿದು ಹತ್ತಿ ಮಾಡಿದ್ರು, ಬಿಳಿ ಶರ್ಟ್ ಹಾಕ್ಕೊಂಡು ನೀರಿನ ಅಂಚಲ್ಲೇ ನೆಟ್ಟಗೆ ನಿಂತಿದ್ರು. ನಾವು ದಡದಲ್ಲಿ ಆಡೋ ಮಾತು ನೀರೊಳಗೆ ಹೋಗೋದು ಸಾವಿರದಲ್ಲಿ ಒಂದು ಪಾಲು ಶಕ್ತಿ, ಉಳಿದಿದ್ದೆಲ್ಲ ನೀರಿನ ಮೇಲ್ಮೈಯಿಂದ ವಾಪಸ್ ಪುಟಿಯುತ್ತೆ, ಹಾಗಾಗಿ ಮಾತಾಡಿದ್ರೆ ನಷ್ಟ ಇಲ್ಲ. ಹೆಜ್ಜೆಯ ಅದುರು ಹಾಗಲ್ಲ, ನೆಲದಿಂದ ಸೀದಾ ನೀರಿಗೆ ಇಳಿಯುತ್ತೆ. ಇನ್ನು ಕಣ್ಣು, ಒಂದು ಮೀಟರ್ ಆಳದಲ್ಲಿ ಇರೋ ಮೀನಿಗೆ ತಲೆ ಮೇಲೆ ಎರಡೂಕಾಲು ಮೀಟರ್ ಅಗಲದ ಒಂದು ದುಂಡು ಕಿಟಕಿ ಇರುತ್ತೆ, ಹೊರಗಿನ ಲೋಕ ಪೂರ್ತಿ ಆ ಕಿಟಕಿಯಲ್ಲೇ ಕಾಣೋದು, ನೆಲಕ್ಕೆ ಹತ್ತಿರ ಇರೋದೆಲ್ಲ ಕಿಟಕಿಯ ಅಂಚಲ್ಲಿ ಹಿಂಡಿ ಹೋಗಿರುತ್ತೆ. ಕೂತ್ಕೊಂಡವರು ಆ ಅಂಚಲ್ಲಿ ಕಳೆದುಹೋಗ್ತಾರೆ, ನಿಂತವರು ಕಾಣ್ತಾರೆ. ಮೇಲಿಂದ ಬಿದ್ದ ನೆರಳು ಅಂದ್ರೆ ಮೀನಿಗೆ ಹಕ್ಕಿ, ಅದಕ್ಕೆ ಎರಡನೇ ಯೋಚನೆ ಇಲ್ಲ. ಆವತ್ತು ಆ ಜಾಗದಲ್ಲಿ ಮೀನು ಹೋಗಿದ್ದೇ ನಿಜ ಆದ್ರೆ ಅದು ನಮ್ಮ ಹುಡುಗಿಯ ಮೂರನೇ ಎಸೆತಕ್ಕೂ ಬಹಳ ಮುಂಚೆ ಹೋಗಿತ್ತು.

ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟು. ಆ ಬರಹದ ಆ ಒಂದು ಸಾಲಿಗೆ ಸಾಧ್ಯವಾದ್ರೆ ಒಂದು ಚಿಕ್ಕ ತಿದ್ದುಪಡಿ ಹಾಕಿ. ಓದುಗರಲ್ಲಿ ಗಾಳ ಹಾಕೋರು ಬಹಳ ಜನ ಇದ್ದಾರೆ, ಲೂರ್ ಬಿದ್ದ ಕ್ಷಣದಲ್ಲಿ ಮೀನು ಏನು ಮಾಡ್ತು ಅನ್ನೋದನ್ನ ಕಣ್ಣಾರೆ ಕಂಡವರು ಬರೀಲಿ, ಯಾವ ಮೀನು, ನೀರು ತಿಳಿಯೋ ಕದಡೋ, ಎಷ್ಟು ಆಳ, ಲೂರ್ ಎಷ್ಟು ದೂರದಲ್ಲಿ ಬಿತ್ತು ಅಂತ ನಾಲ್ಕು ಸಾಲು ಸಾಕು, ಹಿಡಿದಿದ್ದಕ್ಕಿಂತ ನೋಡಿದ್ದು ಬರೆದ್ರೆ ಇನ್ನೂ ಒಳ್ಳೇದು. ಅಂಥ ಪತ್ರಗಳಿಗೆ ಮೂಲೆಯಲ್ಲಿ ಒಂದು ಜಾಗ ಕೊಟ್ರೆ ನನ್ನ ಪಾಲಿನದನ್ನ ನಾನು ಕಳಿಸ್ತಾ ಇರ್ತೀನಿ. ನಮ್ಮಕ್ಕನ ಮಗಳೂ ಕಳಿಸ್ತೀನಿ ಅಂದಿದ್ದಾಳೆ, ಮುಂದಿನ ವಾರ ಅವಳು ಬಂಡೆ ಮೇಲೆ ಮಲಗೋದು, ನಾನು ಎಸೆಯೋದು ಅಂತ ಒಪ್ಪಂದ ಆಗಿದೆ.

ಇಂತಿ ನಿಮ್ಮ ಓದುಗ